ಕೊನೆಯ ವರ್ಷದ ಬರವಣಿಗೆ

ಮಡಚಿಕೊಂಡಿದ್ದ ಬಲಗೈಯನ್ನು ನೆಟ್ಟಗೆ ಮಾಡಲು ಹೋಗಿ ವೀರಪ್ಪ ಸೋತ. ಗೋಡೆಗೆ ಆನಿಸಿ ಕೂರಿಸಿದ್ದ, ತೀರಿಹೋದ ತಮ್ಮನ ದೇಹ ಪ್ರತಿ ಸಲವೂ ಒಂದು ಮಗ್ಗುಲಿಗೆ ವಾಲುತ್ತಿತ್ತು.

“ಬಿಡ್ರಿ ಭಾವಾರ,” ಎಂದಳು ಶೈಲಜಾ. “ಲಕ್ವಾ ಹೊಡದಾಗಿಂದ ಆ ಕೈ ಹಂಗ ಐತಿ. ಮ್ಯಾಲ ಶಾಲು ಹೊಚ್ಚರಿ.”

ವೀರಪ್ಪ ಶಾಲು ಹೊದಿಸಿ, ಮಹಾದೇವನ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಹಿಂದೆ ಸರಿದ. ಮಠದ ಐನಾರು ಹಣೆಗೆ ವಿಭೂತಿ ಹಚ್ಚಿದರು. ಗಂಡ ಹೋಗಿದ್ದು ನಸುಕಿನಲ್ಲಿ. ಶೈಲಜಾಳಿಗೆ ಇನ್ನೂ ಅಳು ಬಂದಿರಲಿಲ್ಲ. ವರ್ಷದ ಮೇಲಾಗಿತ್ತು, ಅವನನ್ನು ಎತ್ತಿ, ಹೊರಳಿಸಿ, ಒರೆಸಿ, ಉಣ್ಣಿಸಿ ಅವಳ ಸೊಂಟ ಹಿಡಿದುಹೋಗಿತ್ತು. ಎಲ್ಲಾದರೂ ಕಾಲು ಚಾಚಿ ಮಲಗಿದರೆ ಸಾಕಾಗಿತ್ತು.

ಬೈಲಹೊಂಗಲದ ಆ ಓಣಿಯ ಜನಕ್ಕೆ ಮಹಾದೇವನ ಕೆಲಸ ಏನೆಂಬುದು ಎಂದೂ ಸರಿಯಾಗಿ ತಿಳಿದಿರಲಿಲ್ಲ. ಮೊದಲು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಬರೆದುಕೊಡುತ್ತಿದ್ದ. ಪ್ರೆಸ್ ಮುಚ್ಚಿದ ಮೇಲೆ ಮನೆಯಲ್ಲೇ ಮೊಬೈಲ್ ಹಿಡಿದು ಕೂತ.

“ಏನ ಬರೀತಿದ್ರಪಾ ನಿಮ್ಮ ತಮ್ಮಾರು?” ಪಕ್ಕದ ಮನೆಯ ಹಿರಿಯರು ಕೇಳಿದರು. “ಕವನಾ ಏನ?”

“ಜಾಹೀರಾತು ರೀ,” ಎಂದ ವೀರಪ್ಪ. ಅವನದು ಯರಗಟ್ಟಿಯಲ್ಲಿ ಕಾಳಿನ ವ್ಯಾಪಾರ. ತಿಂಗಳಿಗೊಮ್ಮೆ ಬಂದು ತಮ್ಮನನ್ನು ನೋಡಿಹೋಗುತ್ತಿದ್ದ. “ಆನ್‌ಲೈನ್‌ನಾಗ ಮಾರಾವ್ರಿಗೆ ಬರಕೊಡತಿದ್ದ. ಬೆಲ್ಲ, ರೊಟ್ಟಿ, ಸೀರಿ, ಎಲ್ಲಾದಕ್ಕೂ. ಲಕ್ವಾ ಹೊಡದ ಮ್ಯಾಲೂ ಬಿಡಲಿಲ್ಲ ನೋಡ್ರಿ. ಎಡಗೈಲೇ ಬರದಾನ ನಮ್ಮ ಮಾದೇವ.”

ಶೈಲಜಾ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಕಿತ್ತೂರಿನ ಕಡೆಯಿಂದ ಬಂದಿದ್ದ ಉಳವಪ್ಪ ತಲೆಯಾಡಿಸಿದ. ಅವನು ಬೆಲ್ಲದ ವ್ಯಾಪಾರಿ. “ಖರೇ ಐತ್ರಿ. ನಮ್ಮ ಬೆಲ್ಲ ಕರ್ರಗ ಐತಿ ಅಂತ ಯಾರೂ ಮುಟ್ಟತಿರಲಿಲ್ಲ. ಔಷಧ ಹಾಕಿ ಬೆಳ್ಳಗ ಮಾಡಿಲ್ಲ, ಅದಕ್ಕ ಕರ್ರಗ ಐತಿ ಅಂತ ಅವರು ಬರದ್ರು. ಈಗ ಪುಣೆದಿಂದ ಫೋನ್ ಮಾಡಿ ಕರೀ ಬೆಲ್ಲಾನ ಕಳಸ್ರಿ ಅಂತಾರ.”

*

ಹೋದ ವರ್ಷ ಮಹಾದೇವ ದವಾಖಾನೆಯಿಂದ ಮನೆಗೆ ಬಂದಾಗ ಅವನ ಬಲಗೈಯ ಜೊತೆಗೆ ಮಾತೂ ಹೋಗಿತ್ತು. ಫೋನು ಮಾತ್ರ ನಿಂತಿರಲಿಲ್ಲ. ರಾಮದುರ್ಗದ ಹತ್ತಿರ ಸುರೇಬಾನದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಯಲ್ಲವ್ವನ ದನಿ ಅದರಲ್ಲಿ ಬಂದು ಬಿದ್ದಿತ್ತು: “ಸಾಹೇಬ್ರ, ದೀಪಾವಳಿಗೆ ನಾಕ ಸಾಲ ಬರದುಕೊಡ್ರಿ. ನೀವು ಬರದ್ರನ ನಮ್ಮ ರೊಟ್ಟಿ ಮಾರಿ ಹೊಕ್ಕಾವು.”

ಇಲ್ಲವೆಂದು ಹೇಳಲು ಶೈಲಜಾಳಿಗೆ ಮನಸ್ಸು ಬರಲಿಲ್ಲ. ತಾನೇ ನಾಲ್ಕು ಸಾಲು ಬರೆದು ಗಂಡನ ಕಣ್ಣಿಗೆ ಹಿಡಿದಳು. ಅವನು ಓದಿದ. ಓದಿ ಗೋಡೆಯ ಕಡೆ ಮುಖ ಹೊರಳಿಸಿದ. ಆ ದಿನ ಗಂಜಿಗೂ ಬಾಯಿ ತೆರೆಯಲಿಲ್ಲ.

ಚೆನ್ನಾಗಿದ್ದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದನ್ನು ಅವಳು ಅರ್ಧ ಕಿವಿಯಿಂದ ಕೇಳಿದ್ದಳು. “ಅಂಗಡ್ಯಾಗಾದ್ರ ಗಿರಾಕಿ ಕೇಳತಾನ, ಮಾಲಕ ಹೇಳತಾನ. ಇಲ್ಲಿ ಕೇಳೂಕಿಂತ ಮೊದಲ ಹೇಳಬೇಕು ಶೈಲಾ. ಸುಳ್ಳ ಬರದ್ರ ಪಾರ್ಸಲ್ ಬಿಚ್ಚಿದ ಕೂಡಲೇ ಗೊತ್ತಾಗತೈತಿ. ಎರಡನೇ ಸಲ ಅಂವ ತಗೊಳ್ಳಾಂಗಿಲ್ಲ.”

ಮರುದಿನ ಅವನೇ ಎಡಗೈಯಿಂದ ಫೋನನ್ನು ಎಳೆದುಕೊಂಡ. ‘ಅತ್ಯುತ್ತಮ’ ಎಂಬ ಮಾತಿನ ಮೇಲೆ ಬೆರಳಿಟ್ಟ. ಅವಳು ಅಳಿಸಿದಳು. ‘ಅಪ್ಪಟ’ದ ಮೇಲೆ ಇಟ್ಟ. ಅದನ್ನೂ ಅಳಿಸಿದಳು. ಉಳಿದದ್ದನ್ನು ಇನ್ನೊಮ್ಮೆ ಓದಿ ಕಣ್ಣು ಮುಚ್ಚಿದ. ಅವಳು ಕಳಿಸಿದಳು.

ಅಲ್ಲಿಂದ ಹಾಗೇ ನಡೆಯಿತು. ಮಧ್ಯಾಹ್ನ ಅವಳು ಬರೆಯುವುದು, ಅವನು ಬೆರಳಿಡುವುದು. ಬರಬರುತ್ತ ಬೆರಳು ಕಡಿಮೆಯಾಯಿತು. ಆಮೇಲೆ ಅದನ್ನು ಎತ್ತುವ ಶಕ್ತಿಯೇ ಉಳಿಯಲಿಲ್ಲ. ಒಂದು ಸಲ ಅವಳು, “ಇನ್ನ ಮ್ಯಾಲ ನನ್ನ ಹೆಸರಲೇ ಕಳಸಲೇನ್ರಿ?” ಎಂದು ಕೇಳಿದ್ದಳು. ಅವನ ಒಂದು ಕಣ್ಣಿನಿಂದ ನೀರಿಳಿಯಿತು. ಅವಳು ಮತ್ತೆ ಕೇಳಲಿಲ್ಲ.

*

ಹೊತ್ತು ಇಳಿಯುವ ಮೊದಲೇ ಮಣ್ಣು ಮಾಡಿ ಬಂದರು. ಶೈಲಜಾ ತಲೆಗೆ ನೀರು ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಳು. ಹೊರಡಲು ನಿಂತಿದ್ದ ಉಳವಪ್ಪ ವೀರಪ್ಪನೊಂದಿಗೆ ಮಾತಾಡುತ್ತಿದ್ದುದು ಅಲ್ಲಿಗೂ ಕೇಳುತ್ತಿತ್ತು.

“ಇನ್ನ ಮುಂದ ಕಂಪ್ಯೂಟರ್ ಕಡೆ ಬರಸೂದ ಆತ್ರಿ. ಎಐ ಚೊಲೋ ಬರೀತೈತಿ ಅಂತ ನಮ್ಮ ಅಳಿಯ ಗಂಟ ಬಿದ್ದಾನ. ಆದ್ರ ಈ ವರ್ಷ ಅವರು ಬರದದ್ದು ಬ್ಯಾರೇನ ಇತ್ತ ಬಿಡ್ರಿ. ಸಾವು ಹತ್ತರ ಬಂದಾಗ ಮನಷ್ಯಾನ ಮಾತು ಮೆತ್ತಗ ಆಗತಾವೋ ಏನೋ.”

“ಹೌದ್ರಿ,” ಎಂದ ವೀರಪ್ಪ, ಕಣ್ಣೊರೆಸಿಕೊಳ್ಳುತ್ತ.

ಅದನ್ನು ಬರೆದದ್ದು ನಾನು ಎನ್ನಲು ಶೈಲಜಾಳ ಬಾಯಿ ತೆರೆಯಿತು. ಎದ್ದು ಒಳಗೆ ಹೋದರೆ ಸಾಕು, ಉಳವಪ್ಪನ ಕೆಲಸವಾದರೂ ತನಗೆ ಉಳಿಯುತ್ತಿತ್ತು. ಕಿಟಕಿಯಲ್ಲಿ ವೀರಪ್ಪನ ಮುಖ ಕಂಡಿತು. ತಮ್ಮನ ಬಗ್ಗೆ ಅವನು ಇಷ್ಟು ಹೆಮ್ಮೆಪಟ್ಟಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅವಳು ಏಳಲಿಲ್ಲ. ಉಳವಪ್ಪನ ಗಾಡಿ ಶುರುವಾಗಿ ದೂರವಾಯಿತು.

ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ದನಿ ಕೇಳಿದ ಮೇಲೇ ಗುರುತು ಸಿಕ್ಕಿತು.

“ನಾನ್ರಿ ಅಕ್ಕಾರ, ಸುರೇಬಾನದ ಯಲ್ಲವ್ವ. ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ರೊಟ್ಟಿ ಬಡದು ಬಡದು ಅಂಗೈ ಜೋಮು ಹಿಡಿತೈತಿ, ಆಮ್ಯಾಲ ಹಂಚಿನ ಬಿಸೀನೂ ತಿಳಿಯಾಂಗಿಲ್ಲ ಅಂತ ಸಾಹೇಬ್ರು ಬರದಿದ್ರು. ಓದಿ ನನ್ನ ಅಂಗೈ ನೋಡಕೊಂಡೆ. ಗಂಡಸ್ರಿಗೆ ಅದು ಹೆಂಗ ಗೊತ್ತಾಗಬೇಕು?”

ಶೈಲಜಾ ತನ್ನ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ನನಗ ಅವರ ಕಲಿಸ್ಯಾರ,” ಎಂದಳು. “ಮಾತಿಲ್ಲದನ ಕಲಿಸ್ಯಾರ.” ಅಳು ಬಂತು. ಯಲ್ಲವ್ವ ಬೆನ್ನ ಮೇಲೆ ಕೈಯಿಟ್ಟು ಕೂತಳು.

“ಯಾರ ಮುಂದೂ ಹೇಳಬ್ಯಾಡವಾ.”

“ನಾ ಯಾಕ ಹೇಳಲಿರಿ.”

ಅಳು ನಿಂತ ಮೇಲೆ ಯಲ್ಲವ್ವ ಚೀಲದಿಂದ ಸಣ್ಣದೊಂದು ಪೊಟ್ಟಣ ತೆಗೆದಳು. “ಗುರೆಳ್ಳ ಚಟ್ನಿ. ಹೊಸದಾಗಿ ಮಾಡಾಕ ಹತ್ತೇನಿ. ಇದರ ಬಗ್ಗೆ ಬರೀರಿ ಅಂತ ತಂದಿಲ್ರಿ. ಮುಂಜಾನಿಂದ ನೀವು ಏನೂ ತಿಂದಿಲ್ಲ.”

ಶೈಲಜಾ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡಳು. ಮತ್ತೊಂದು ಚಿಟಿಕೆ.

“ಬಳ್ಳೊಳ್ಳಿ ಹುರದು ಹಾಕೀಯೋ, ಹಸೀದೋ?”

“ಹಸೀದರಿ. ಹುರದ್ರ ಘಮಾ ಹೋಗತೈತಿ.”

“ಗುರೆಳ್ಳು?”

ಯಲ್ಲವ್ವ ಸೆರಗು ಸರಿಪಡಿಸಿಕೊಂಡು, ಬಾಣಲೆ ಎಷ್ಟು ಕಾಯಬೇಕು, ಕಾಳು ಯಾವಾಗ ಚಟಪಟ ಅನ್ನುತ್ತದೆ ಎಂದು ಹೇಳತೊಡಗಿದಳು. ಒದ್ದೆ ಕೂದಲಿನಿಂದ ನೀರು ಕಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಶೈಲಜಾ ಕಪ್ಪಾದ ಬೆರಳ ತುದಿಯನ್ನು ತುಟಿಯ ಹತ್ತಿರವೇ ಹಿಡಿದುಕೊಂಡು ಕೇಳುತ್ತಿದ್ದಳು.