ನಿಂಗನ ಕೊಂಬು ಮತ್ತು ಕರಿಕಾಪಿ

ಕೊಡಗಿನ ಹುದಿಕೇರಿ ಕಡೆಯ ಆ ಊರಲ್ಲಿ ನಿಂಗ ಕೊಂಬು ಊದದೆ ಸುಗ್ಗಿಹಬ್ಬ ಹುತ್ತರಿಯ ಕೋಲಾಟ ಶುರುವಾದದ್ದೇ ಇಲ್ಲ. ಅವನ ಅಪ್ಪ ಊದಿದ ಕೊಂಬು ಅದು. ಆದರೆ ದಿನಕ್ಕೆ ಎರಡು ಕಟ್ಟು ಬೀಡಿ ಸುಡುವ ಗಂಡಸಿಗೆ ಉಸಿರು ಎಲ್ಲಿಂದ ಬರಬೇಕು, ಹೇಳಿ! ಮೇ ತಿಂಗಳ ಮದುವೆಯೊಂದರಲ್ಲಿ ಅರ್ಧ ಊದಿ, ಕೆಮ್ಮಿ, ಕೂತೇಬಿಟ್ಟ. ವಾಲಗದ ಯಜಮಾನ ಕೂಸಪ್ಪ ಮುಖಕ್ಕೆ ಹೊಡೆದಂತೆ ಹೇಳಿದ: "ಹುತ್ತರಿಗೂ ಹಿಂಗೇ ಆದ್ರೆ ನಮ್ಮ ವಾಲಗದ ಹುಡುಗ ಪುನೀತ ಊದ್ತಾನೆ. ನೀ ಮನೇಲಿರು."

ಆ ರಾತ್ರಿ ನಿಂಗನಿಗೆ ಅನ್ನ ಸೇರಲಿಲ್ಲ. ಮೆಡಿಕಲ್ ಶಾಪಿನ ಯಮುನಾ ಬೀಡಿ ಬಿಡಿಸುತ್ತಾಳಂತೆ ಎಂದು ಹೆಂಡತಿ ಜವರಿ ಮರುದಿನವೇ ಅವನನ್ನು ದಬ್ಬಿ ಕಳಿಸಿದಳು.

"ಮೇಡಮ್ಮ, ಹೋಂಸ್ಟೇಗೆ ಬರೋರು ಪೆನ್ನಿನ ಥರದ್ದು ಸೇದ್ತಾರಲ್ಲ, ಅದೊಂದು ಕೊಡಿ."

"ವೇಪಾ? ಅದನ್ನ ಮಾರಿದ್ರೆ ನನ್ನ ಹಿಡ್ಕೊಂಡು ಹೋಗ್ತಾರೆ ನಿಂಗಣ್ಣ. ಬ್ಯಾನ್ ಆಗಿದೆ." ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ ಎಂದೆಲ್ಲ ಕೇಳಿ, ಯಮುನಾ ನಿಕೋಟಿನ್ ಗಮ್ ತೆಗೆದಿಟ್ಟಳು. "ಎಲೆ ಅಡಿಕೆ ಥರ ಜಗೀಬೇಡಿ. ನಿಧಾನಕ್ಕೆ ಜಗಿದು, ಖಾರ ಹತ್ತಿದ ಕೂಡಲೇ ಕೆನ್ನೆ ಒಳಗೆ ಒತ್ತರಿಸಿ ಇಟ್ಕೊಳ್ಳಿ."

ಹೇಳಿದ ಹಾಗೇ ಮಾಡಿದ. ಏನೂ ಆಗಲಿಲ್ಲ. ವಾರ ಕಳೆಯುವುದರೊಳಗೆ ಜಗಳಕ್ಕೇ ಬಂದ. "ಇದೇನು ಮಕ್ಕಳ ಮಿಠಾಯಿಯಾ? ಉಗಿದ ಕೂಡಲೇ ಕೈ ಬೀಡಿ ಹುಡುಕ್ತದೆ!"

ಯಮುನಾ ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ಅವನ ಇಡೀ ದಿನವನ್ನು ಅವನ ಬಾಯಲ್ಲೇ ಹೇಳಿಸಿದಳು.

"ಎದ್ದು ಬೆಲ್ಲದ ಕರಿಕಾಪಿ, ಗಮ್ಮು. ತೋಟದಲ್ಲಿ ಹತ್ತು ಗಂಟೆಗೆ ಕಾಪಿ, ಗಮ್ಮು. ಅದರ ಖಾರ ಇಳಿಸೋಕೆ ಇನ್ನೊಂದು ಗುಟುಕು..."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ತಪ್ಪು ನಂದೇ! ಕೊಡಗಿನವರಿಗೆ ಇದನ್ನೇ ಮೊದಲು ಹೇಳ್ಬೇಕಿತ್ತು. ಕಾಪಿ ಕುಡಿದ ಬಾಯಿ ಈ ಔಷಧಿ ಹೀರೋದಿಲ್ಲ. ಗಮ್ ಹಾಕೋಕೆ ಕಾಲು ಗಂಟೆ ಮುಂಚಿಂದ ಕಾಪಿ ಮುಟ್ಬೇಡಿ, ಬಾಯಲ್ಲಿದ್ದಾಗಲೂ ಬೇಡ."

ನಿಂಗ ಗಮ್ಮಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷ ಕೊಯ್ದು, ಒಣಗಿಸಿ, ಕುಡಿದ ಕಾಪಿ ಹೀಗೂ ಮಾಡುತ್ತದೆಯೇ! ಮರುದಿನ ಕಾಪಿ ಲೋಟ ಪಕ್ಕಕ್ಕಿಟ್ಟು ಗಮ್ ಹಾಕಿಕೊಂಡ. ಕೈಯ ಚಡಪಡಿಕೆ ತಾನಾಗಿ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೀಡಿ ಪೂರಾ ನಿಂತಿತ್ತು, ದಿನಕ್ಕೆರಡು ಗಮ್ ಮಾತ್ರ ಉಳಿದಿತ್ತು.

ಹುತ್ತರಿ ಕೋಲಾಟದ ಮಧ್ಯಾಹ್ನ ಮೈದಾನದ ತುಂಬ ಜನ ಕೋಲು ಹಿಡಿದು ನಿಂತಿದ್ದರು. ಯಮುನಾ ಕೂಡ ಬಂದಿದ್ದಳು. ನಿಂಗ ಕೊಂಬು ಎತ್ತಿದ. ಹಿಂದೆ ಕೆಮ್ಮು ಹಿಡಿದಿದ್ದ ಜಾಗ ಬಂತು. ಸ್ವರ ಅದನ್ನು ದಾಟಿ ಮುಂದೆ ಹೋಯಿತು, ಇನ್ನೂ ಹೋಯಿತು. ಅಪ್ಪನ ಕಾಲದಲ್ಲಿ ಕೇಳಿದ್ದ ಉದ್ದ ಅದು. ಇಷ್ಟು ಉಸಿರು ನನ್ನೊಳಗೆ ಎಲ್ಲಿತ್ತಪ್ಪಾ ಎಂದು ಅವನಿಗೇ ಮೈ ಜುಮ್ಮೆಂದಿತು. ಕೋಲು ಎತ್ತಿದವರು ಹೊಡೆಯುವುದನ್ನೇ ಮರೆತರು. ಜವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಟ ಮುಗಿದ ಮೇಲೆ ಕೂಸಪ್ಪ ಎಂದೂ ಮಾಡದ್ದನ್ನು ಮಾಡಿದ. ತಾನೇ ಕಾಪಿ ತಂದು ಎರಡೂ ಕೈಯಲ್ಲಿ ನೀಡಿದ.

"ಈಗ ಬೇಡ ಕೂಸಪ್ಪಣ್ಣ," ಎಂದ ನಿಂಗ, ಜೇಬಿನಿಂದ ಗಮ್ ತೆಗೆಯುತ್ತಾ. "ಮುಂದಿನ ವರ್ಷವೂ ಊದ್ಬೇಕಲ್ಲ."