ಇತ್ತ ನೋಡಿದ್ದೊಂದು ಫೋಟೋ

ಯಾರ ಮನೆಗೆ ಹೋದರೂ ಶರ್ವರಿ ಮೊದಲು ಹೇಳುವ ಮಾತು ಒಂದೇ ಇತ್ತು. "ನನ್ನ ನೋಡಬ್ಯಾಡ್ರಿ. ನಿಮ್ಮ ಕೆಲಸಾ ನೋಡ್ರಿ."

ವಿಜಯಪುರದಲ್ಲಿ ಫೋಟೋ ಸ್ಟುಡಿಯೋಗಳಿಗೇನೂ ಬರವಿರಲಿಲ್ಲ. ಸೊಲ್ಲಾಪುರ ರಸ್ತೆಯೊಂದರಲ್ಲೇ ಸಾಲಾಗಿದ್ದವು. ನೀಲಿ ಪರದೆ, ಪ್ಲಾಸ್ಟಿಕ್ ಹೂವು, ಕುರ್ಚಿಯ ಮೇಲೆ ಕೂತು ಬಿಕ್ಕುವ ಮಗು, ಅದನ್ನು ನಗಿಸಲು ಗಿಲಕಿ ಆಡಿಸುವ ಸೋದರಮಾವ. ಶರ್ವರಿಗೆ ಅದು ಸೇರುತ್ತಿರಲಿಲ್ಲ. ಅವಳು ಮನೆಗಳಿಗೇ ಹೋಗುತ್ತಿದ್ದಳು. ಚೀಲದಲ್ಲಿ ಕ್ಯಾಮೆರಾದ ಜೊತೆಗೆ ಬಣ್ಣದ ಕಾಗದ, ಉಲನ್ ದಾರ, ಗೋಂದು, ಮೊಂಡು ಕತ್ತರಿ. ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಹಕ್ಕಿಯನ್ನೋ ಗಾಳಿಪಟವನ್ನೋ ಮಾಡಲು ಹಚ್ಚುತ್ತಿದ್ದಳು. ತಾಯಿಗೆ, ದಿನಾ ಮಾಡುವ ಅಡುಗೆಯನ್ನೇ ಮಾಡಿರಿ ಎನ್ನುತ್ತಿದ್ದಳು. ಅವರು ತನ್ನನ್ನು ಮರೆತ ಹೊತ್ತಿಗೆ ಮೂಲೆಯಿಂದ ಒಂದೊಂದಾಗಿ ತೆಗೆಯುತ್ತಿದ್ದಳು. ಹಿಟ್ಟು ಹತ್ತಿದ ಮುಂಗೈ, ಸೂಜಿಗೆ ದಾರ ಪೋಣಿಸಲು ಕಿರಿದಾದ ಕಣ್ಣು, ತಾಯಿಯ ಬೆನ್ನಿಗೆ ಒರಗಿದ ಕೂಸು. ಆಲ್ಬಮ್ ನೋಡಿದವರು, ಇದು ನಮ್ಮ ಮನೆಯೇ ಏನು, ಇಷ್ಟು ಚಂದ ಇದೆಯೇ ಎಂದು ಅಚ್ಚರಿಪಡುತ್ತಿದ್ದರು.

ಅವಳ ಅತ್ತೆ ತುಳಸಾಬಾಯಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ನಿನ್ನ ಫೋಟೋದಾಗ ಮಾರಿ ಎಲ್ಲಿ ಕಾಣ್ತದವಾ. ಬರೇ ಬೈತಲಿ. ಬೈತಲಿ ಫೋಟೋ ತಗೀಲಿಕ್ಕೆ ಜನಾ ಬಸ್ ಚಾರ್ಜು ಕೊಟ್ಟು ಕರೀತಾರಂದ್ರ ಆಶ್ಚರ್ಯ ಅದ."

ದೀಪಾವಳಿ ಹತ್ತಿರವಾಗಿತ್ತು. ಆ ಮಧ್ಯಾಹ್ನ ತುಳಸಾಬಾಯಿ ಚಟ್ನಿಗೆಂದು ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತಿದ್ದರು. ಶರ್ವರಿಯ ಮಗಳು ಅನಘಾ ಬಿದಿರ ಕಡ್ಡಿಗೆ ಕಾಗದ ಅಂಟಿಸಿ ಆಕಾಶಬುಟ್ಟಿ ಮಾಡುತ್ತಿದ್ದಳು. ಮಗಳು ಸೀನಿದಳೆಂದು ಶರ್ವರಿ ಹೋಗಿ ಹಣೆ ಮುಟ್ಟಿ ನೋಡಿದಳು. "ಸೀನಿದ್ದಕ್ಕೂ ಹಣಿ ಮುಟ್ಟೂದೇನು" ಎಂದು ಅತ್ತೆ ನಕ್ಕರು. ಆಗಲೇ ಫೋನು ಬಂತು.

"ಮೇಡಂ, ನಾ ತಿಕೋಟಾದಿಂದ ಸಂಗನಬಸವ ಮಾತಾಡಾಕತ್ತೇನ್ರಿ. ಹ್ವಾದ ವರ್ಷ ನಮ್ಮ ಹುಡುಗಿ ಫೋಟೋ ತಗದಿದ್ರಲ್ಲ."

"ಹೌದ್ರಿ, ಐಶ್ವರ್ಯ. ಸಣ್ಣ ರೊಟ್ಟಿ ಬಡೀತಿದ್ಳಲ್ಲ. ಆರಾಮ ಇದ್ದಾಳಲ್ರಿ?"

"ಇಲ್ರಿ. ತೀರಿಕೊಂಡ್ಳು. ಶ್ರಾವಣದಾಗ. ಜ್ವರಾ ಬಂದಿತ್ತು."

ಶರ್ವರಿ ಎದ್ದು ಹೊರಗಿನ ಕಟ್ಟೆಗೆ ಹೋದಳು. ಮಗಳ ಕಿವಿಗೆ ಈ ಮಾತು ಬೀಳುವುದು ಬೇಡವಾಗಿತ್ತು.

ಸಂಗನಬಸವ ನಿಧಾನವಾಗಿ ಹೇಳಿದ. ಹೆಂಡತಿ ಸೌಭಾಗ್ಯ ನಿಡೋಣಿಯ ತವರಿನಲ್ಲಿದ್ದವಳು ಈಗ ಬಂದಿದ್ದಾಳೆ. ಅವಳು ಕೇಳುತ್ತಿರುವುದು ಒಂದೇ, ಮಗಳು ಇತ್ತ ನೋಡಿದ್ದೊಂದು ಫೋಟೋ. "ನೀವು ಕೊಟ್ಟ ಆಲ್ಬಮ್ ಐತ್ರಿ. ಆದ್ರ ಒಂದರಾಗೂ ಆಕಿ ಇತ್ತ ನೋಡಿಲ್ಲ. ನನ್ನ ಫೋನು ದ್ರಾಕ್ಷಿಗೆ ಹೊಡಿಯೋ ಔಷಧ ಕಲಸೋ ಟಾಕ್ಯಾಗ ಬಿದ್ದು ಎಲ್ಲಾ ಹೋತು. ನಮ್ಮ ತಂಗಿ ಫೋನಿನ್ಯಾಗ ಅದಾವು. ಅವಕ್ಕ ನಾಯಿ ಕಿವಿ, ಬೆಕ್ಕಿನ ಮೂಗು ಹಚ್ಚ್ಯಾಳ. ಮಾರಿ ಬೆಳ್ಳಗ ಹಾಲಿನಂಗ ಮಾಡ್ಯಾಳ. ಅದನ್ನ ಹ್ಯಾಂಗ ಗ್ವಾಡಿಗೆ ಹಾಕೂದು ಹೇಳ್ರಿ. ಅಂಗನವಾಡಿಗೆ ಕೊಟ್ಟಿದ್ದು ಎಳಿ ಕೂಸಿದ್ದಾಗಿಂದು. ನಿಮ್ಮ ಕಡೆ ಉಳದದ್ದರಾಗ ಒಂದ ಹುಡುಕ್ರಿ, ಮೇಡಂ."

ಹುಡುಕುತ್ತೇನೆ ಎಂದಳು. ಆಲ್ಬಮ್ಮಿಗೆ ಹಾಕಿದ್ದು, ಹಾಕದೆ ಬಿಟ್ಟದ್ದು, ಮಸುಕಾದದ್ದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೆರೆದು ಕೂತಳು. ಅಜ್ಜಿ ಹೊಲಿಯುವ ಕೌದಿಗೆ ಬಟ್ಟೆಯ ತುಂಡು ಆರಿಸುತ್ತ ಬಗ್ಗಿದ ಐಶ್ವರ್ಯ. ಒಲೆಯ ಮುಂದೆ ಅವ್ವನ ಮಗ್ಗುಲಿಗೆ ಕೂತ ಐಶ್ವರ್ಯ. ಕೆನ್ನೆ ಇತ್ತು, ಕಿವಿಯ ಬೆಂಡೋಲೆ ಇತ್ತು, ಮೂಗಿನ ತುದಿಗೆ ಹತ್ತಿದ ಜೋಳದ ಹಿಟ್ಟಿತ್ತು. ಎದುರಿಗೆ ತಿರುಗಿದ ಮುಖ ಒಂದರಲ್ಲೂ ಇರಲಿಲ್ಲ.

ಹುಡುಗಿ ಇತ್ತ ನೋಡದೆ ಇದ್ದಳೆಂದಲ್ಲ. ಆ ದಿನ ಶರ್ವರಿ ಬಂದ ಕೂಡಲೇ ಕ್ಯಾಮೆರಾದೊಳಗೆ ಇಣುಕುವಂತೆ ಹತ್ತಿರ ಬಂದು ನಿಂತಿದ್ದಳು. ಒಂದೆರಡು ಫೋಟೋ ಬಿದ್ದಿದ್ದವು. "ನನ್ನ ನೋಡಬ್ಯಾಡ ಪುಟ್ಟಾ, ಅವ್ವನ ಹಂತ್ಯಾಕ ಕೂಡು" ಎಂದು ಕಳಿಸಿ, ಕೆಟ್ಟಿವೆ ಎಂದು ಶರ್ವರಿ ಅಲ್ಲೇ ಅವನ್ನು ಅಳಿಸಿಬಿಟ್ಟಿದ್ದಳು. ಆ ಹುಡುಗಿ ಮತ್ತೆ ಇತ್ತ ತಿರುಗಲಿಲ್ಲ. ಹೇಳಿದ ಮಾತು ಕೇಳುವ ಮಗು ಅದು.

ಅವಳ ಆಲ್ಬಮ್‌ಗಳನ್ನು ಮಾಡಿಕೊಡುವ ಲಾಲಸಾಬನ ಅಂಗಡಿ ಸೊಲ್ಲಾಪುರ ರಸ್ತೆಯಲ್ಲಿತ್ತು. ಅಳಿಸಿದ್ದನ್ನು ಮರಳಿ ತರಲು ಬರುತ್ತದೆಯೇ ಎಂದು ಕೇಳಲು ಹೋದಳು. ಕ್ಯಾಮೆರಾದ ಆ ಮೆಮೊರಿ ಕಾರ್ಡಿನ ಮೇಲೆ ಆಮೇಲೆ ಅದೆಷ್ಟೋ ಮನೆಗಳ ಫೋಟೋ ಬಂದು ಹೋಗಿದ್ದವು. ಲಾಲಸಾಬ ನೋಡಿ ತಲೆಯಾಡಿಸಿದ.

"ಅದು ಬರೂದಿಲ್ರಿ ಬಾಯಾರ. ಆದ್ರ ಈಗ ಎಐ ಬಂದೈತಿ. ಒಂದು ಮಗ್ಗಲ ಇದ್ರ ಸಾಕು, ಎದುರಿನ ಮಾರಿ ಅದ ಮಾಡ್ತೈತಿ. ದಿನಾ ಸತ್ತ ಮುತ್ಯಾಗೋಳ್ನ ಎಬ್ಬಿಸಿ ಕುಂದರಸಾಕತ್ತೇವಿ. ಮೊನ್ನಿ ಒಬ್ರು, ನಮ್ಮ ಮುತ್ಯಾಗ ಕೋಟು ಹಾಕ್ರಿ ಅಂದ್ರು. ಜಲ್ಮದಾಗ ಧೋತರ ಬಿಟ್ಟು ಬ್ಯಾರೆ ಉಟ್ಟಾಂವ ಅಲ್ಲ. ಹಾಕಿದೆ. ಟೈನೂ ಹಾಕಿದೆ. ಖುಷ್ ಆಗಿ ಹ್ವಾದ್ರು."

"ಇದು ಸಣ್ಣ ಹುಡುಗಿ, ಲಾಲಸಾಬ."

ಅವನ ನಗು ನಿಂತಿತು. "ಅದಕ್ಕ ಮಾಡೂಣು ಅನ್ನಾಕತ್ತೇನ್ರಿ" ಎಂದ.

ಬಲಗಡೆಯಿಂದ ತೆಗೆದ ಫೋಟೋಗಳನ್ನೂ, ಸಂಗನಬಸವನ ತಂಗಿ ಕಳಿಸಿದ ನಾಯಿ ಕಿವಿಯ ಫೋಟೋಗಳನ್ನೂ ಅವನಿಗೆ ಕೊಟ್ಟಳು. ಚಹಾ ಕುಡಿದು ಲೋಟ ಇಡುವುದರೊಳಗೆ ಪರದೆಯ ಮೇಲೆ ಒಂದು ಮಗು ನಗುತ್ತಿತ್ತು. ಕಣ್ಣಲ್ಲಿ ಬೆಳಕು, ಎರಡೂ ಕಡೆ ಒಂದೇ ಸಮನಾದ ಹುಬ್ಬು, ಅದೇ ಬೆಂಡೋಲೆ.

"ಹಿಂಗ ಇದ್ಳೇನ್ರಿ?"

ಶರ್ವರಿ ಪರದೆಯ ಹತ್ತಿರ ಬಗ್ಗಿದಳು. ಆ ಹುಡುಗಿಯ ಬೆರಳುಗಳು ಅವಳಿಗೆ ಗೊತ್ತಿದ್ದವು. ರೊಟ್ಟಿ ತಿರುವುವಾಗ ನಾಲಿಗೆಯನ್ನು ತುಟಿಯ ಮೂಲೆಗೆ ತರುವುದು ಗೊತ್ತಿತ್ತು. ಮುಖ ಹೇಗಿತ್ತು ಎಂಬುದು ಗೊತ್ತಿರಲಿಲ್ಲ.

"ಇರಬೇಕು" ಎಂದಳು.

ಮಾಡಿಸಿದ್ದು ಎಂದು ಹೇಳಿಯೇ ಕೊಡಬೇಕೆಂದು ತೀರ್ಮಾನಿಸಿದಳು. ಆ ವಾರ ಬಬಲೇಶ್ವರದಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಅದನ್ನು ಮುಗಿಸಿ ಅಲ್ಲಿಂದಲೇ ತಿಕೋಟಾದ ಬಸ್ಸು ಹತ್ತಿದಳು. ಕಟ್ಟು ಹಾಕಿಸಿದ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಮಾತು ಹೊಂದಿಸಿದಳು. ಕಂಪ್ಯೂಟರಿನಲ್ಲಿ ಮಾಡಿದ್ದು ಎನ್ನಬೇಕೋ, ಹತ್ತಿರದ ಹೋಲಿಕೆ ಎನ್ನಬೇಕೋ. ಮೊದಲೇ ಹೇಳಬೇಕೋ, ನೋಡಿದ ಮೇಲೋ.

ಹೇಳಲು ಎಡೆಯೇ ಸಿಗಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಗುರುಸಿದ್ದವ್ವ ಕಾಗದ ಬಿಚ್ಚಿದವಳೇ ಫೋಟೋವನ್ನು ಮಡಿಲಿಗೆ ಎಳೆದುಕೊಂಡಳು. "ಬಂದ್ಯಾ ನನ್ನವ್ವಾ" ಎಂದಳು, ಮೆಲ್ಲಗೆ, ಸಾಲಿಯಿಂದ ಬಂದವಳನ್ನು ಕೇಳುವಂತೆ. ಸೆರಗಿನಿಂದ ಗಾಜು ಒರೆಸಿದಳು, ಮತ್ತೆ ಒರೆಸಿದಳು. ಸಂಗನಬಸವ ಒಮ್ಮೆ ನೋಡಿ, ತೋಟದಲ್ಲಿ ಬಳ್ಳಿ ಸವರುವ ಆಳುಗಳು ಕಾಯುತ್ತಿದ್ದಾರೆಂದು ಹೊರಟುಹೋದ.

ಸೌಭಾಗ್ಯ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅತ್ತೆಯ ಹೆಗಲ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದಳು. ಅಳಲಿಲ್ಲ.

"ಇದು ಯಾವಾಗ ತಗದ್ರಿ ಅಕ್ಕಾರ? ನಾ ಅಲ್ಲೇ ಇದ್ನಲ್ಲ."

ಗುರುಸಿದ್ದವ್ವ ಮಡಿಲಲ್ಲಿದ್ದ ಮುಖವನ್ನು ಸವರುತ್ತಿದ್ದಳು. ಬಸ್ಸಿನಲ್ಲಿ ಹೊಂದಿಸಿದ ಮಾತು ಶರ್ವರಿಯ ಬಾಯಿಂದ ಹೊರಡಲಿಲ್ಲ. ಬೇರೆಯದೇ ಹೊರಟಿತು. "ನೀವು ನೀರ ತರ್ಲಿಕ್ಕೆ ಹಿತ್ತಲಕ ಹೋಗಿದ್ರಿ ನೋಡ್ರಿ. ಆವಾಗ."

"ಹೌದೇನ್ರಿ" ಎಂದಳು ಸೌಭಾಗ್ಯ. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ನಾ ಹೊರಗ ಹ್ವಾದಾಗ ನಕ್ಕಾಳ" ಎಂದಳು.

ಉಣಿಸದೆ ಬಿಡುವ ಮನೆಯಲ್ಲ ಅದು. ರೊಟ್ಟಿ, ಪುಂಡಿಪಲ್ಯ, ಮೇಲೆ ಮೊಸರು. ಕೊನೆಗೆ ಮುಷ್ಟಿ ತುಂಬ ಒಣದ್ರಾಕ್ಷಿ ಕಟ್ಟಿಕೊಟ್ಟರು.

ಕೆಲವು ದಿನಗಳ ಮೇಲೆ ಸೌಭಾಗ್ಯಳೇ ಫೋನು ಮಾಡಿದಳು. ಆವಾಗ ಮಗಳು ಏನಂದಳು, ಯಾಕೆ ನಕ್ಕಳು, ಆಮೇಲೆ ಏನು ಮಾಡಿದಳು ಎಂದು ಕೇಳಿದಳು. ಶರ್ವರಿ ಒಂದಿಷ್ಟು ಹೇಳಿದಳು. ಹಿಟ್ಟಿನ ಕೈ ತೋರಿಸಿ ನಕ್ಕಳು ಎಂದಳು. ಇನ್ನೊಂದು ದಿನ ಮತ್ತೆ ಫೋನು ಬಂತು. "ನಾ ಹಿತ್ತಲದಾಗ ಭಾಳ ಹೊತ್ತು ಮಾಡಿದ್ನೇನ್ರಿ?" ಶರ್ವರಿ ಇಲ್ಲ ಎಂದಳು. ಸೌಭಾಗ್ಯ ಮತ್ತೆ ಕೇಳಿದಳು. "ಆಕಿ ನನ್ನ ಕರದಿದ್ಳೇನ್ರಿ?"

ಕರೆದಿದ್ದಳು ಎಂದರೆ, ತನಗೆ ಕೇಳಿಸಲಿಲ್ಲವಲ್ಲ ಎಂದು ಆ ತಾಯಿ ಬದುಕಿರುವತನಕ ಹಿತ್ತಲಲ್ಲೇ ನಿಲ್ಲುತ್ತಾಳೆ. ಇಲ್ಲ ಎಂದರೆ, ತಾನಿಲ್ಲದೆಯೂ ನಕ್ಕಳು ಎಂದುಕೊಳ್ಳುತ್ತಾಳೆ. ಎರಡಕ್ಕೂ ಹೆದರಿ ಶರ್ವರಿ, "ನಾ ಬಂದ ಹೇಳ್ತೀನ್ರಿ" ಎಂದು ಫೋನು ಇಟ್ಟಳು.

ಮಗಳು ಶಾಲೆಗೆ ಹೋದಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದಳು. ತುಳಸಾಬಾಯಿ ಈ ಸಲ ಚೇಷ್ಟೆ ಮಾಡಲಿಲ್ಲ. "ಬ್ಯಾಡ ಶರ್ವರಿ. ಸುಳ್ಳಾಗ್ಲಿ ಖರೇ ಆಗ್ಲಿ, ಗ್ವಾಡಿ ಮ್ಯಾಲೆ ಅವರಿಗೊಂದು ಮಾರಿ ಅದ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳಿಕ್ಕೆ ಅದನ್ನೂ ಕಸ್ಕೋತೀಯೇನು?"

"ನನ್ನ ಮನಸ್ಸಿಂದಲ್ಲ ಅತ್ಯಾ. ಹೋಗದ ಹಿತ್ತಲಕ ಆಕಿ ದಿನಾ ಹೋಗ್ಲಿಕ್ಕತ್ತಾಳ."

ಶರ್ವರಿ ಮತ್ತೆ ತಿಕೋಟಾದ ಬಸ್ಸು ಹತ್ತಿದಳು.

ತಿಕೋಟಾದ ಮನೆಯ ಪಡಸಾಲೆಯಲ್ಲಿ ಫೋಟೋ ಗೋಡೆ ಏರಿತ್ತು. ಅದರ ಕೆಳಗೆ ಕೌದಿ ಹರವಿಕೊಂಡು ಕೂತ ಗುರುಸಿದ್ದವ್ವ, "ಹಸರ ತುಂಡ ಇಲ್ಲಿಡ್ಲೇನ ಬೇ? ಬ್ಯಾಡಂದ್ರ ಕೆಂಪಿಡ್ತೇನಿ" ಎಂದು ಗೋಡೆಯ ಕಡೆ ನೋಡಿ ಕೇಳುತ್ತಿದ್ದಳು. ಶರ್ವರಿ ಅಡುಗೆಮನೆಗೆ ಹೋಗಿ ಸೌಭಾಗ್ಯಳ ಎದುರಿಗೆ ನೆಲಕ್ಕೆ ಕೂತಳು. ಸೌಭಾಗ್ಯ ರೊಟ್ಟಿ ಬಡಿಯುತ್ತಿದ್ದಳು.

"ಆಕಿ ನನ್ನ ನೋಡಿ ನಕ್ಕಿಲ್ರಿ. ನೀವು ಹಿತ್ತಲಕ ಹೋಗಿದ್ದೂ ಇಲ್ಲ. ಆ ಮಾರಿ ಕಂಪ್ಯೂಟರ ಮಾಡಿದ್ದು. ನಾ ಸುಳ್ಳು ಹೇಳಿದೆ."

ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಾಗುತ್ತ ಬಂತು. ಇಬ್ಬರೂ ಅದನ್ನು ತಿರುವಲಿಲ್ಲ.

"ಆಕಿಗೆ ಎಡಗಡೆ ಹುಬ್ಬಿನ್ಯಾಗ ಒಂದು ಗೆರಿ ಇತ್ರಿ" ಎಂದಳು ಸೌಭಾಗ್ಯ. "ನಡ್ಯಾಕ ಕಲಿಯೂ ವಯಸ್ಸಿನ್ಯಾಗ ಹೊಸ್ತಲ ಮ್ಯಾಲೆ ಬಿದ್ದಿದ್ಳು. ಫೋಟೋದಾಗ ಅದು ಕಾಣಲಿಲ್ಲ. ನಾನ ಮರತೇನೇನೋ ಅನಕೊಂಡೆ. ಬಲಗಡೆ ಇತ್ತೇನೋ, ಮಾಯ್ದು ಹೋಗಿತ್ತೇನೋ. ಇಷ್ಟ ದಿನದಾಗ ಮಗಳ ಮಾರಿ ಮರತ ತಾಯಿ ನಾನು ಅಂತ ಒಬ್ಬಾಕಿನ ಅಳಾಕತ್ತಿದ್ದೆ."

ಆಲ್ಬಮ್ ಎಲ್ಲಿದೆ ಎಂದು ಶರ್ವರಿ ಕೇಳಿದಳು. ಸೌಭಾಗ್ಯ ಟ್ರಂಕಿನಿಂದ ತಂದುಕೊಟ್ಟಳು. ಒಲೆಯ ಮುಂದಿನ ಫೋಟೋಗಳಿದ್ದ ಹಾಳೆಗಳನ್ನು ತೆರೆದು ಶರ್ವರಿ ಅವಳ ಮುಂದಿಟ್ಟಳು. ತಾಯಿಗೆ ಕೊಡಲು ತನ್ನ ಹತ್ತಿರ ಇದ್ದದ್ದು ಇದೊಂದೇ, ಇದನ್ನು ಮೊದಲೇ ಕೊಡಬೇಕಿತ್ತು ಎಂದು ಅವಳಿಗೆ ಅನ್ನಿಸಿತು.

"ಇಲ್ಲಿ ನೋಡ್ರಿ. ಆಕಿ ಈ ಕಡೆ ತಿರುಗಿಲ್ಲ ಯಾಕಂದ್ರ ನಿಮ್ಮನ್ನ ನೋಡ್ಲಿಕ್ಕತ್ತಾಳ. ಇದರಾಗೂ. ಇದರಾಗೂ."

ಸೌಭಾಗ್ಯ ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಒಂದು ಫೋಟೋದ ಮೇಲೆ ಬೆರಳಿಟ್ಟಳು. ಮಗು ಕತ್ತೆತ್ತಿ ಅವ್ವನ ಮುಖ ನೋಡುತ್ತಿತ್ತು. ಬೆರಳು ಅಲ್ಲಿಂದ ಮೆಲ್ಲಗೆ ತಾಯಿಯ ಕಡೆಗೆ ಸರಿಯಿತು. ಹಾಳೆ ತಿರುವಿದಳು. ಮುಂದಿನದನ್ನೂ ಹಾಗೆಯೇ ನೋಡಿದಳು, ಅದರ ಮುಂದಿನದನ್ನೂ.

"ಹೌದ್ರಿ" ಎಂದಳು. "ಆಕಿ ನನ್ನ ನೋಡಾಕತ್ತಾಳ."

ಬೆರಳು ಫೋಟೋದಲ್ಲಿನ ತನ್ನ ಮುಖದ ಮೇಲೆ ನಿಂತಿತು.

"ನಾ ರೊಟ್ಟಿ ನೋಡಾಕತ್ತೇನಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಿಮ್ಮ ಕೆಲಸಾ ನೋಡ್ರಿ ಎಂದು ಶರ್ವರಿ ಅಂದು ಹೇಳಿದ ಮಾತು ಇಬ್ಬರಿಗೂ ನೆನಪಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ. ಪಡಸಾಲೆಯಿಂದ ಗುರುಸಿದ್ದವ್ವ ಯಾರಿಗೋ ಕೆಂಪೇ ಚಂದ ಎನ್ನುತ್ತಿರುವುದು ಕೇಳಿಸಿತು.

"ನಮ್ಮತ್ತಿಯವರಿಗೆ ಹೇಳಬ್ಯಾಡ್ರಿ" ಎಂದಳು ಸೌಭಾಗ್ಯ. "ಅವರಿಗೆ ಅದು ಇರ್ಲಿ."

ಮತ್ತೆ ಆಲ್ಬಮ್ಮಿನ ಮೇಲೆ ಬಗ್ಗಿದಳು. ಹೊಗೆ ಕಣ್ಣಿಗೆ ಬರುತ್ತಿದ್ದರೂ ತಲೆ ಎತ್ತಲಿಲ್ಲ. ಶರ್ವರಿ ಸುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟು, ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು.