ಅಂಗೈಗೆ ಸಿಕ್ಕ ಸದ್ದು

ಹೆಂಡತಿಯ ಸೈಕಲ್ಲು ತುಂಬ ದಿನದಿಂದ ಕಟಕಟ ಎನ್ನುತ್ತಿತ್ತು. ಗಂಡನೇನೋ ಸೈಕಲ್ ಮೇಸ್ತ್ರಿ. ಬೀದಿಯ ತುದಿಯಲ್ಲಿ ಬರುವ ಸೈಕಲ್ಲಿನ ಸದ್ದು ಕೇಳಿಯೇ ರೋಗ ಹೇಳುವವನೆಂದು ಹೆಸರು ಮಾಡಿದವನು. ಆದರೆ ಇವಳದಕ್ಕೆ ಒಮ್ಮೆ ಸೀಟು ಬಿಗಿದ, ಒಮ್ಮೆ ಚೈನಿಗೆ ಎಣ್ಣೆ ಬಿಟ್ಟ. ಸದ್ದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಮನೆಯವಳ ಕೆಲಸವೆಂದರೆ ಅಷ್ಟಕ್ಕಷ್ಟೇ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಭಾನುವಾರ ಸೀದಾ ಅಂಗಡಿಗೇ ಬಂದಳು. ಅವನು ಬೆನ್ನು ತಿರುಗಿಸಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ. "ರೀ," ಎಂದಳು. "ರೀ, ನಿಮ್ಮನ್ನೇ." ಅವನು ಮಿಸುಕಲಿಲ್ಲ. ಸೈಕಲ್ಲಿನ ಬೆಲ್ಲು ಬಾರಿಸಿದಳು. ಅದಕ್ಕೂ ಇಲ್ಲ. ಅವಳಿಗೆ ಆಗ ಹೊಳೆಯಿತು. ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಎದುರಿಗೆ ಹೋಗಿ ಕೂತು, "ಎಷ್ಟು ದಿನದಿಂದ?" ಎಂದು ಗಟ್ಟಿಯಾಗಿ ಕೇಳಿದಳು.

"ಸಣ್ಣ ಸದ್ದು ಕೇಳಿ ಯಾವ ಕಾಲ ಆಯ್ತೋ," ಎಂದ. "ಕಿವಿ ಇಲ್ಲದ ಮೇಸ್ತ್ರಿ ಯಾರಿಗೆ ಬೇಕು ಹೇಳು. ಈ ತಿಂಗಳು ಕಳೀಲಿ, ಅಂಗಡಿ ಮುಚ್ತೀನಿ."

"ಮುಚ್ತೀರಿ, ಮುಚ್ತೀರಿ." ಅವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು. "ನಮ್ಮಲ್ಲಿ ಅಷ್ಟೂ ಮೆಷಿನ್ನು ಒಟ್ಟಿಗೆ ಗುಡುಗ್ತವೆ. ನನ್ನ ಮೆಷಿನ್ ಸದ್ದು ನನಗೆ ಯಾವತ್ತು ಕೇಳಿದೆ? ಅಂಗೈ ಇಟ್ಟು ನೋಡ್ತೀನಿ. ಕೆಟ್ಟಿದ್ರೆ ಕೈಗೇ ಗೊತ್ತಾಗತ್ತೆ. ಕೊಡಿ ಕೈ."

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಅವನ ಅಂಗೈಯನ್ನು ಪೆಡಲಿನ ಹತ್ತಿರದ ಕೊಳವೆಗೆ ಒತ್ತಿಹಿಡಿದು, ತಾನೇ ಪೆಡಲು ತಿರುಗಿಸಿದಳು. ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಮುಖ ಅರಳಿತು.

"ಇಲ್ಲಿ. ಪೆಡಲುಗಳ ನಡುವಿನ ಅಚ್ಚು. ಮರಳು ಅರೆದ ಹಾಗಾಗ್ತಿದೆ."

ಅಲ್ಲಿಂದಾಚೆಗೆ ಅವನನ್ನು ಹಿಡಿಯುವವರಿಲ್ಲ. ಪೆಡಲಿನ ಕಡ್ಡಿ ಕಳಚಿದ. "ಬಲಗಡೆದು ಉಲ್ಟಾ ತಿರುಪು. ಗೊತ್ತಿಲ್ಲದವರು ಬಿಚ್ಚೋಕೆ ಹೋಗಿ ಬಿಗೀತಾರೆ," ಎಂದು ಜಂಬ ಕೊಚ್ಚುತ್ತ ಅಚ್ಚನ್ನು ಹಿಡಿದ ಬಟ್ಟಲಿನಂಥ ಕಪ್ ಬಿಚ್ಚಿದ. ಸವೆದ ಅಚ್ಚು, ತುಕ್ಕು ತಿಂದ ಬೇರಿಂಗ್ ಗುಂಡುಗಳು ಹೊರಬಂದವು. ಹೊಸ ಅಚ್ಚು, ಹೊಸ ಗುಂಡು, ಧಾರಾಳವಾಗಿ ಗ್ರೀಸು ಹಾಕಿ ಕೂರಿಸಿದ. ಮತ್ತೆ ಅಂಗೈ ಇಟ್ಟು ತಿರುಗಿಸಿದ. ಸದ್ದು ಹೋಯಿತೇ ಎಂದು ಅವಳನ್ನು ಕೇಳಲೇ ಇಲ್ಲ. "ಬೆಣ್ಣೆ," ಎಂದ.

ಅವಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

"ನಿನ್ನ ಮಾತೂ ಅರ್ಧ ಕೇಳ್ತಿರಲಿಲ್ಲ," ಎಂದ ಅವನು ತಲೆ ತಗ್ಗಿಸಿ. "ಸುಮ್ನೆ ಹೂಂ ಅಂತಿದ್ದೆ."

"ಅದಕ್ಕೇನಾ ಈಚೆಗೆ ಎಲ್ಲಕ್ಕೂ ಒಪ್ಕೊಳ್ತಿದ್ದಿದ್ದು? ನಾನೇನೋ ಬುದ್ಧಿ ಬಂತು ಅಂದ್ಕೊಂಡಿದ್ದೆ."

ಅವನು ನಕ್ಕ. ನಗುತ್ತಲೇ ಗ್ರೀಸು ಮೆತ್ತಿದ ಅಂಗೈಯನ್ನು ಅವಳ ಬೆನ್ನಿಗಿಟ್ಟು, ಕಣ್ಣು ಮುಚ್ಚಿಕೊಂಡ. "ಈಗ ಹೇಳು."

ಒಗೆದು ಉಟ್ಟ ಬಟ್ಟೆ ಹಾಳಾಯಿತು. ಅವಳು ಅಲುಗಾಡಲಿಲ್ಲ.

"ಅಂಗಡಿ ಮುಚ್ಚೋದಿಲ್ಲ," ಎಂದಳು ಮೆಲ್ಲಗೆ.

"ಕೇಳಿಸ್ತು," ಎಂದ.